ಪದಚರ್ಚೆ: ಜೈಂಟ್ ಟಾರ್ಟಾಯ್ಸ್‌ಗೆ ಕನ್ನಡದಲ್ಲಿ ಏನನ್ನೋಣ? (ಅವಸರ ಇದೆ)

ಗದಗದಿಂದ:

ಎಲ್ಲರಿಗೂ ನಮಸ್ಕಾರ್ರೀ. ನಮ್ಮಣ್ಣ ಕೆಲಸದ ಮೇಲೆ ದೇಶದೇಶ ತಿರುಗಿದವನು. ಯಾವ ಊರಿಗೆ ಹೋದರೂ ಅಲ್ಲಿಯ ಝೂ ನೋಡದೆ ಬರುತ್ತಿರಲಿಲ್ಲ. ಝೂದಲ್ಲೂ ಹುಲಿ, ಸಿಂಹ ಅವನಿಗೆ ಬೇಡ. ನೆಟ್ಟಗೆ ಆಮೆ ಇರುವಲ್ಲಿಗೆ ಹೋಗಿ ನಿಲ್ಲುತ್ತಿದ್ದ. ಕೋಲ್ಕತ್ತ, ಚೆನ್ನೈ, ಸಿಂಗಪುರ, ಲಂಡನ್, ಜ್ಯೂರಿಕ್, ಸ್ಯಾನ್ ಡಿಯೇಗೊ, ಎಲ್ಲ ಕಡೆಯ ಫೋಟೊ ಇವೆ. ಈಗ ಇಲ್ಲಿಯ ಶಾಲೆಯೊಂದರಲ್ಲಿ ಅವನ್ನು ಮಕ್ಕಳಿಗೆ ತೋರಿಸುವುದಿದೆ. ಪ್ರತಿ ಫೋಟೊ ಕೆಳಗೆ ಕನ್ನಡದಲ್ಲಿ ಎರಡು ಸಾಲು ಬೇಕು. ಬರೆಯುವ ಕೆಲಸ ನನ್ನ ಕೊರಳಿಗೆ ಬಿದ್ದಿದೆ. ನಾಳೆ ಸಂಜೆಯೊಳಗೆ ಮ್ಯಾಟರ್ ಕೊಡದಿದ್ದರೆ ಮುಂದಿನ ವಾರವೇ ಅಂತ ಪ್ರೆಸ್ಸಿನವರು ಹೇಳಿಬಿಟ್ಟಿದ್ದಾರೆ.

ತೊಡಕು ಇಷ್ಟೇ. ಟರ್ಟಲ್‌ಗೂ ಆಮೆ, ಟಾರ್ಟಾಯ್ಸ್‌ಗೂ ಆಮೆ. ಸಮುದ್ರದ್ದು ಕಡಲಾಮೆ, ಅದು ಸರಿ. ನೆಲದ ಮೇಲಿರುವುದಕ್ಕೆ ಏನನ್ನಬೇಕು? ಅದರಲ್ಲೂ ಜೈಂಟ್ ಟಾರ್ಟಾಯ್ಸ್‌ಗೆ? ಪತ್ರಿಕೆಯವರು ದೈತ್ಯ ಆಮೆ ಅಂತ ಬರೆಯುತ್ತಾರೆ. ಹುಲ್ಲು ತಿಂದುಕೊಂಡು ಬಿದ್ದಿರುವ ಸಾಧು ಪ್ರಾಣಿಗೆ ದೈತ್ಯ ಅನ್ನಲು ಮನಸ್ಸು ಬರುತ್ತಿಲ್ಲ. ಮೇಲಾಗಿ ಮಕ್ಕಳಿಗೆ ಕೂರ್ಮಾವತಾರದ ಕಥೆ ಗೊತ್ತು. ವಿಷ್ಣು ಯಾವಾಗ ದೈತ್ಯ ಆದ ಅಂತ ಯಾರಾದರೂ ಕೇಳಿದರೆ ನಾನೇನು ಹೇಳಲಿ?

ಇನ್ನೊಂದು. ಕೆಲವಕ್ಕೆ ಚಿಪ್ಪು ಗುಮ್ಮಟದಂತೆ ದುಂಡಗಿದೆ. ಕೆಲವಕ್ಕೆ ಕುತ್ತಿಗೆಯ ಮೇಲೆ ಚಿಪ್ಪು ಕಮಾನಿನಂತೆ ಎದ್ದಿದೆ. ಇಂಗ್ಲಿಷಿನಲ್ಲಿ ಸ್ಯಾಡಲ್‌ಬ್ಯಾಕ್ ಅಂತಾರೆ. ಇದಕ್ಕೂ ಒಂದು ಪದ ಕೊಡಿ.

ಧಾರವಾಡದಿಂದ:

ಹೇರಾಮೆ. ಹಳಗನ್ನಡದ ಪೇರಡವಿ, ಪೇರಾನೆ ಓದಿದವರಿಗೆ ಹೇರ್ ಅಂದರೆ ದೊಡ್ಡದು ಅಂತ ವಿವರಿಸಬೇಕಿಲ್ಲ. ನೆಲದ್ದು ನೆಲಾಮೆ, ಹೊಳೆ ಕೆರೆಯದು ನೀರಾಮೆ. ದೈತ್ಯ ಬೇಡ, ಬೃಹತ್ತೂ ಬೇಡ. ಯಾರೋ ಒಬ್ಬರು ಬೃಹದಾಮೆ ಅಂತ ಬರೆದದ್ದನ್ನು ಈಚೆಗೆ ನೋಡಿದೆ. ಸಂಸ್ಕೃತಕ್ಕೆ ಕನ್ನಡವನ್ನು ಗಂಟುಹಾಕುವ ಅರಿಸಮಾಸಕ್ಕೂ ಒಂದು ಮಿತಿ ಇರಬೇಕು.

ಹುಬ್ಬಳ್ಳಿಯಿಂದ:

ಸರ್, ಹೇರಾಮೆ ಸಂಧಿ ಲೆಕ್ಕದಲ್ಲಿ ಸರಿ. ಆದರೆ ಅಕ್ಕಾವರು ಅದನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಗೋಡೆಗೆ ಹಾಕಿದರೆ ಎಲ್ಲರೂ ಓದುವುದು 'ಹೇ ರಾಮೆ' ಅಂತಲೇ. ಗಾಂಧಿ ಜಯಂತಿಯ ಫಲಕ ಅಂದುಕೊಂಡಾರು.

ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು, ಅದಕ್ಕೆ ಒಂದು ಮಾತು. ಟರ್ಟಲ್ ಬೇರೆ ಟಾರ್ಟಾಯ್ಸ್ ಬೇರೆ ಅನ್ನುವುದು ಪ್ರಾಣಿಗಳೇ ಮಾಡಿಕೊಂಡ ಭೇದ ಅಲ್ಲ. ಬೆನ್ನ ಮೇಲೆ ಚಿಪ್ಪು ಹೊತ್ತವೆಲ್ಲ ಒಂದೇ ಗಣ. ಅದರೊಳಗೆ ನೆಲದಲ್ಲಿ ಬಾಳುವ ಒಂದು ಕುಟುಂಬವನ್ನು ಇಂಗ್ಲಿಷಿನವರು ಟಾರ್ಟಾಯ್ಸ್ ಅಂದರು. ಬ್ರಿಟನ್ನಿನವರು ಇದನ್ನು ಕಟ್ಟುನಿಟ್ಟಾಗಿ ಬೇರೆ ಇಡುತ್ತಾರೆ. ಅಮೆರಿಕದವರಿಗೆ ಟರ್ಟಲ್ ಅಂದರೆ ಇಡೀ ಗಣ, ಟಾರ್ಟಾಯ್ಸೂ ಅದರೊಳಗೇ. ಸ್ಪೇನಿನವರಿಗೆ ಎಲ್ಲವೂ ತೊರ್ತೂಗ. ಜ್ಯೂರಿಕ್ ಝೂದ ಬೋರ್ಡಿನ ಫೋಟೊ ಇದ್ದರೆ ಹಿಗ್ಗಿಸಿ ನೋಡಿ. ಜರ್ಮನ್ನರು ಎಲ್ಲಕ್ಕೂ ಶಿಲ್ಡ್‌ಕ್ರೋಟೆ ಅಂತಾರೆ, ಗುರಾಣಿ ಹೊತ್ತ ಕಪ್ಪೆ ಅಂತ ಅರ್ಥ. ಬೇಕಾದಾಗ ಮುಂದೆ ನೆಲ, ಕಡಲು ಅಂತ ಸೇರಿಸಿಕೊಳ್ಳುತ್ತಾರೆ. ನಮ್ಮದೂ ಅದೇ ದಾರಿ ಅಲ್ವಾ? ಇಂಗ್ಲಿಷಿನಲ್ಲಿ ಎರಡಿವೆ ಅಂತ ನಾವೂ ಎರಡು ಹುಡುಕಿಕೊಂಡು ಯಾಕೆ ಕೂರಬೇಕು?

ಹಾವೇರಿಯಿಂದ:

ಬಾಯಿಯವರು ಹೇಳಿದ್ದು ಖರೆ. ನಮ್ಮ ಕಡೆ ತುಂಗಭದ್ರೆ ದಂಡೆಯವರು ಹೊಳೆಯಲ್ಲಿ ಕಂಡದ್ದಕ್ಕೂ ಆಮಿ ಅಂತಾರೆ, ಹೊಲದ ಬದುವಿನಲ್ಲಿ ಕಂಡದ್ದಕ್ಕೂ ಆಮಿ ಅಂತಾರೆ. ಹೊಳೆಯಲ್ಲಿ ಒಂದು ಜಾತಿಗೆ ಚಿಪ್ಪು ಗಟ್ಟಿ ಇರುವುದಿಲ್ಲ, ಚರ್ಮದಂತೆ ಮೆತ್ತಗೆ. ಮೂಗು ಸಣ್ಣ ಕೊಳವೆಯಂತೆ ಮುಂದೆ ಬಂದಿರುತ್ತದೆ. ಅದೂ ಆಮಿನೇ.

ಇನ್ನು ಆಮೆ ಪದದ ಬಗ್ಗೆ. ಹಳೆಯ ನಿಘಂಟುಗಳಲ್ಲಿ ಆವೆ ಅನ್ನುವ ರೂಪವೂ ಇದೆ. ಇದು 'ಅವಿ' ಧಾತುವಿನಿಂದ ಬಂದದ್ದು ಅಂತ ನಾನು ಮೊದಲಿಂದ ಹೇಳುತ್ತಲೇ ಇದ್ದೇನೆ. ಅವಿತುಕೊಳ್ಳುವುದೇ ಆವೆ, ಆವೆಯೇ ಆಮೆ. ಕೈಕಾಲು ಒಳಗೆಳೆದುಕೊಂಡು ಅವಿತುಕೊಳ್ಳುವ ಪ್ರಾಣಿಗೆ ಇದಕ್ಕಿಂತ ಒಪ್ಪುವ ಹೆಸರು ಎಲ್ಲಿದೆ?

ಧಾರವಾಡದಿಂದ:

ಮಾಸ್ತರ, ಈ ಅವಿ ಇನ್ನೂ ಆರಿಲ್ಲವೇ? ಹಳೆಯ ತಮಿಳಿನಲ್ಲಿ ಅದು ಯಾಮೈ. ಮೊದಲಲ್ಲಿ ಯಕಾರ ಇದೆ. ತಮಿಳಿನ ಯಾನೈ ನಮ್ಮಲ್ಲಿ ಆನೆ, ತೆಲುಗಿನಲ್ಲಿ ಏನುಗು. ತಮಿಳಿನ ಯಾಡು ನಮ್ಮಲ್ಲಿ ಆಡು, ತುಳುವಿನಲ್ಲಿ ಏಡ್. ಹಾಗೆಯೇ ಯಾಮೈ ನಮ್ಮಲ್ಲಿ ಆಮೆ, ತುಳುವಿನಲ್ಲಿ ಏಮೆ. ಮೂರೂ ಒಂದೇ ಸಾಲಿನವು. ಅವಿ ಧಾತುವಿಗೆ ಯಕಾರ ಎಲ್ಲಿಂದ ತರುತ್ತೀರಿ? ಅರ್ಥ ಕೂಡಿತು ಅಂತ ವ್ಯುತ್ಪತ್ತಿ ಹೇಳುವುದಾದರೆ ಹರಟೆಕಟ್ಟೆ ಸಾಕು, ಈ ಬಳಗ ಬೇಕಿಲ್ಲ.

ಹಾವೇರಿಯಿಂದ:

ತಮಿಳಿನವರು ಯಕಾರ ಆಮೇಲೆ ಸೇರಿಸಿಕೊಂಡಿರಬಾರದೇಕೆ?

ಧಾರವಾಡದಿಂದ:

ಇಲ್ಲ.

ಗದಗದಿಂದ:

ನೀವಿಬ್ಬರೂ ತಮಿಳುನಾಡಿಗೆ ಹೋದಿರಿ, ನಾನು ಇನ್ನೂ ಪ್ರೆಸ್ಸಿನ ಬಾಗಿಲಲ್ಲಿದ್ದೇನೆ!

ಹುಬ್ಬಳ್ಳಿ ಬಾಯಿಯವರ, ನಿಮಗೆ ಇನ್ನೊಂದು ಪ್ರಶ್ನೆ. ಅಣ್ಣ ಫೋಟೊ ಹಿಂದೆ ಊರಿನ ಹೆಸರು ಮಾತ್ರ ಬರೆದಿದ್ದಾನೆ. ಕೆಲವು ಹಿಂದೂ ಮಹಾಸಾಗರದ ಸೇಶೆಲ್ಸ್ ಕಡೆಯ ಆಲ್ಡಾಬ್ರಾ ಆಮೆ, ಕೆಲವು ಪೆಸಿಫಿಕ್ ಸಾಗರದ ಗಲಾಪಗೋಸ್ ದ್ವೀಪಗಳ ಆಮೆ ಅನ್ನುತ್ತಾನೆ. ಯಾವುದು ಯಾವುದು ಅಂತ ಈಗ ಅವನಿಗೇ ನೆನಪಿಲ್ಲ. ನೋಡಿದರೆ ಎರಡೂ ಒಂದೇ. ಕಲ್ಲಿನ ಬಣ್ಣ, ಸುಕ್ಕು ಕುತ್ತಿಗೆ, ಸಿಟ್ಟಾದ ಅಜ್ಜನ ಮುಖ.

ಹುಬ್ಬಳ್ಳಿಯಿಂದ:

ಅಕ್ಕಾ, ಎದುರಿನಿಂದ ತೆಗೆದ ಫೋಟೊ ಹುಡುಕಿ. ಕುತ್ತಿಗೆಯ ನೇರ ಮೇಲೆ ಚಿಪ್ಪಿನ ಅಂಚು ನೋಡಿ. ಅಂಚಿನ ದೊಡ್ಡ ಬಿಲ್ಲೆಗಳು ಎಡಕ್ಕೊಂದು, ಬಲಕ್ಕೊಂದು ಬಂದು ನಡುವೆ ಕೂಡುತ್ತವೆ. ಆ ನಡುವೆ ಉಗುರಿನಂಥ ಒಂದು ಸಣ್ಣ ಬಿಲ್ಲೆ ಸಿಕ್ಕಿಸಿದಂತೆ ಇದ್ದರೆ ಅದು ಆಲ್ಡಾಬ್ರಾ. ಬಿಲ್ಲೆ ಇಲ್ಲದೆ ಎರಡೂ ನೇರ ಕೂಡಿದ್ದರೆ ಗಲಾಪಗೋಸ್. ಊರಿನಿಂದಲೂ ಸ್ವಲ್ಪ ಗೊತ್ತಾಗುತ್ತದೆ. ಜ್ಯೂರಿಕ್ಕಿನಲ್ಲಿ ಮಾಸೋಆಲಾ ಹಾಲ್ ಅಂತ 2003ರಲ್ಲಿ ತೆರೆದ, ಸೂರಿನಡಿ ಬೆಳೆಸಿದ ಕಾಡು ಇದೆ, ಅಲ್ಲಿರುವವು ಆಲ್ಡಾಬ್ರಾ. ಚೆನ್ನೈನ ಮೊಸಳೆ ಬ್ಯಾಂಕು ಅನ್ನುವ ಝೂದಲ್ಲೂ, ಸಿಂಗಪುರದಲ್ಲೂ ಅವೇ. ಲಂಡನ್, ಸ್ಯಾನ್ ಡಿಯೇಗೊದಲ್ಲಿ ಗಲಾಪಗೋಸ್. ಹೈದರಾಬಾದಿನಲ್ಲೂ ಒಂದು ಗಲಾಪಗೋಸ್ ಆಮೆ ಇತ್ತು. ಸುಮಾರು 125 ವರ್ಷದ್ದು ಅಂತ ಹೇಳುತ್ತಿದ್ದರು, 2024ರಲ್ಲಿ ಸತ್ತಿತು.

ಕೋಲ್ಕತ್ತದ್ದು ಅಲಿಪುರ ಝೂದಲ್ಲಿ 2006ಕ್ಕಿಂತ ಮೊದಲು ತೆಗೆದ ಫೋಟೊ ಆಗಿದ್ದರೆ ಅದನ್ನು ಎಲ್ಲಕ್ಕಿಂತ ಮುಂದೆ ಹಾಕಿ. ಅದು 'ಅದ್ವೈತ' ಇರಬೇಕು. ರಾಬರ್ಟ್ ಕ್ಲೈವ್ ಸಾಕಿದ್ದು ಅಂತ ಹೇಳುತ್ತಿದ್ದ ಆಲ್ಡಾಬ್ರಾ ಆಮೆ. ವಯಸ್ಸು 250 ದಾಟಿತ್ತು ಅಂತ ಝೂದವರ ಲೆಕ್ಕ. ಅದಕ್ಕೆ ಕಾಗದಪತ್ರದ ಗಟ್ಟಿ ಆಧಾರ ಇಲ್ಲ, ಆದ್ದರಿಂದ 'ಎಂದು ಹೇಳುತ್ತಾರೆ' ಅಂತಲೇ ಬರೆಯಿರಿ. ಪದಕ್ಕಾಗಿ ಬಡಿದಾಡುವವರಿಗೆ ಒಂದು ಮಾತು: ಅದ್ವೈತನೇ ಆಮೆಯಾಗಿದ್ದ ಮೇಲೆ ಟರ್ಟಲ್, ಟಾರ್ಟಾಯ್ಸ್ ಅನ್ನುವ ದ್ವೈತ ಯಾಕೆ?

ಧಾರವಾಡದಿಂದ:

ಚಮತ್ಕಾರ ಚೆನ್ನಾಗಿದೆ. ಪದ ಇನ್ನೂ ಸಿಕ್ಕಿಲ್ಲ. ಸ್ಯಾಡಲ್‌ಬ್ಯಾಕಿಗೆ 'ಜೀನುಬೆನ್ನಿನ ಆಮೆ' ಅಂತ ಯಾರೋ ಬರೆಯುವ ಮೊದಲೇ ಹೇಳಿಬಿಡುತ್ತೇನೆ. ಜೀನು ಪಾರ್ಸಿ. ಕನ್ನಡದಲ್ಲಿ ಹಲ್ಲಣ ಇದೆ. ಹಲ್ಲಣಾಮೆ.

ಹುಬ್ಬಳ್ಳಿಯಿಂದ:

ಸರ್, ಹಲ್ಲಣ ಯಾವಾಗ ಅಚ್ಚಗನ್ನಡ ಆಯಿತು? ಸಂಸ್ಕೃತದ ಪರ್ಯಾಣ, ಪ್ರಾಕೃತದ ಪಲ್ಲಾಣ, ನಮ್ಮಲ್ಲಿ ಪಲ್ಲಣ, ಹಲ್ಲಣ. ದೈತ್ಯ ಸಂಸ್ಕೃತ ಅಂತ ಬಾಗಿಲಲ್ಲೇ ತಡೆದಿರಿ. ಅದರ ತಮ್ಮನನ್ನು ಹಿತ್ತಲಿಂದ ಒಳಗೆ ಕರೆದಿರಿ.

ಧಾರವಾಡದಿಂದ:

ತದ್ಭವಕ್ಕೂ ತತ್ಸಮಕ್ಕೂ ವ್ಯತ್ಯಾಸ ಗೊತ್ತಿರುವವರ ಜೊತೆ ವಾದ ಮಾಡುತ್ತೇನೆ.

ಹಾವೇರಿಯಿಂದ:

ಸರ, ಹಾಗಂದರೆ ಹೇಗೆ? ನಮ್ಮ ಸೀಮೆಯವರು ಜಮೀನಿಗೆ ಅರ್ಜಿ ಕೊಟ್ಟು, ಕಚೇರಿಯಲ್ಲಿ ಕುರ್ಚಿ ಮೇಲೆ ಕೂತು ರಸೀದಿ ತಗೊಳ್ಳುವವರು. ಪಾರ್ಸಿ, ಅರಬ್ಬಿ ತೆಗೆದರೆ ನಮ್ಮ ಬಾಯಲ್ಲಿ ಅರ್ಧ ಊರೇ ಇರುವುದಿಲ್ಲ. ಕುದುರೆ ಕಂಡ ಹುಡುಗನಿಗೆ ಜೀನು ಗೊತ್ತು. ಹಲ್ಲಣ ಅಂದರೆ ಹಲ್ಲಿಗೆ ಏನೋ ಆಗಿದೆ ಅನ್ನುತ್ತಾನೆ.

ನನ್ನ ಮಾತು ಇದು. ದೊಡ್ಡದಕ್ಕೆ ಹೇರ್ ಹುಡುಕಬೇಕಾಗಿಲ್ಲ, ಬಾಯಲ್ಲೇ ಇದೆ. ನೆಗ್ಗಿಲಿಗಿಂತ ದೊಡ್ಡ ಮುಳ್ಳುಕಾಯಿಯದಕ್ಕೆ ನಮ್ಮವರು ಆನೆನೆಗ್ಗಿಲು ಅಂದರು. ಕಾಲು ಕಂಬದಂತೆ ಊದಿದರೆ ಆನೆಕಾಲು ಅಂದರು. ಹಾಗೆಯೇ ಆನೆಯಾಮೆ. ಅದರ ಕಾಲನ್ನೇ ನೋಡಿ. ಕಡಲಾಮೆಯದು ದೋಣಿಯ ಹುಟ್ಟಿನಂತೆ ಚಪ್ಪಟೆ, ಇದರದು ಕಂಬ. ಮುಂದೆ ಉಗುರು ಸಾಲಾಗಿ ಕೂತಿರುತ್ತವೆ, ಥೇಟ್ ಆನೆ ಪಾದವೇ.

ಹುಬ್ಬಳ್ಳಿಯಿಂದ:

ಮಾಸ್ತರ, ಇದು ಪದ! ನಿಮಗೆ ಗೊತ್ತಿದ್ದು ಹೇಳಿದಿರೋ ಇಲ್ಲವೋ, ಗಲಾಪಗೋಸ್ ಆಮೆಗೆ ವಿಜ್ಞಾನಿಗಳು ಬಹಳ ಕಾಲ ಬಳಸಿದ ಹೆಸರು 'ಎಲಿಫ್ಯಾಂಟೋಪಸ್', ಆನೆಪಾದ ಅಂತ. 1827ರಲ್ಲಿ ಇಟ್ಟದ್ದು. ಜರ್ಮನ್ನಿನಲ್ಲೂ ಅದಕ್ಕೆ ಆನೆ ಆಮೆ ಅನ್ನುವ ಹೆಸರು ಇದೆ. ಭಾರವೂ ಹಾಗೇ. ಆಲ್ಡಾಬ್ರಾ ಗಂಡು 250 ಕಿಲೋ ತೂಗುತ್ತದೆ, ಗಲಾಪಗೋಸ್‌ನಲ್ಲಿ 400 ಕಿಲೋ ದಾಟಿದ್ದೂ ಇದೆ.

ಜೀನಿನ ವಿಷಯ. ಗಲಾಪಗೋಸ್ ದ್ವೀಪಗಳ ಹೆಸರೇ ಸ್ಪ್ಯಾನಿಷ್‌ನಲ್ಲಿ ಆಮೆಗೆ ಇರುವ ಇನ್ನೊಂದು ಪದ 'ಗಲಾಪಗೊ'ದಿಂದ ಬಂದದ್ದು. ಆ ಪದಕ್ಕೆ ಒಂದು ಬಗೆಯ ಜೀನು ಅನ್ನುವ ಅರ್ಥವೂ ಇದೆ. ಆದ್ದರಿಂದ ಜೀನುಬೆನ್ನು ಅಲ್ಲಿಗೆ ಸರಿಯಾಗಿ ಕೂರುತ್ತದೆ. ಒಣ ದ್ವೀಪಗಳಲ್ಲಿ ನೆಲದ ಮೇಲೆ ಹುಲ್ಲು ಕಡಿಮೆ, ಪಾಪಸುಕಳ್ಳಿ ಎತ್ತರದಲ್ಲಿರುತ್ತದೆ. ಚಿಪ್ಪಿನ ಮುಂಭಾಗ ಮೇಲೆದ್ದಿದ್ದರೆ ಕುತ್ತಿಗೆ ಮೇಲಕ್ಕೆ ಚಾಚಬಹುದು. ಮಳೆ ಜಾಸ್ತಿ ಇರುವ, ಹಸಿರು ಇರುವ ಕಡೆಯವಕ್ಕೆ ಗುಮ್ಮಟ ಚಿಪ್ಪು. ಸ್ಯಾನ್ ಡಿಯೇಗೊ ಫೋಟೊ ಕೆಳಗೆ ಡಿಯೇಗೊ ಎಂಬ ಆಮೆಯ ಕಥೆ ಹಾಕಿ, ಮಕ್ಕಳಿಗೆ ಹಿಡಿಸುತ್ತದೆ. ಗಲಾಪಗೋಸ್‌ನ ಎಸ್ಪಾನ್ಯೋಲಾ ದ್ವೀಪದ ಜೀನುಬೆನ್ನಿನ ಜಾತಿಯಲ್ಲಿ 14 ಮಾತ್ರ ಉಳಿದಿದ್ದವು, ಅದರಲ್ಲಿ ಗಂಡು ಎರಡೇ. 1970ರ ದಶಕದಲ್ಲಿ ಸ್ಯಾನ್ ಡಿಯೇಗೊ ಝೂದಿಂದ ಡಿಯೇಗೊನನ್ನು ಗಲಾಪಗೋಸ್‌ಗೆ ಕಳಿಸಿಕೊಟ್ಟರು. ಮರಿಗಳಾಗಿ ಸಂತತಿ ಬೆಳೆಯಿತು. 2020ರಲ್ಲಿ ಅವನನ್ನೂ ಅವನ ದ್ವೀಪಕ್ಕೇ ಬಿಟ್ಟರು.

ಧಾರವಾಡದಿಂದ:

ಆನೆಯಾಮೆ ಅಂದರೆ ಆನೆಗೂ ಆಮೆಗೂ ಹುಟ್ಟಿದ್ದು ಅಂತ ಮಕ್ಕಳು ತಿಳಿಯುತ್ತಾರೆ. ಯಕಾರಾಗಮ ಸರಿಯಾಗಿದೆ, ಅಷ್ಟೇ.

ಹಾವೇರಿಯಿಂದ:

ಆನೆನೆಗ್ಗಿಲು ನೋಡಿ ಇಷ್ಟು ವರ್ಷ ಯಾರೂ ಹಾಗೆ ತಿಳಿದಿಲ್ಲ ಸರ.

ಗದಗದಿಂದ:

ಮ್ಯಾಟರ್ ಕಳಿಸಿದೆ. ಮೇಲೆ ದೊಡ್ಡದಾಗಿ 'ಆನೆಯಾಮೆಗಳು', ಕೆಳಗೆ 'ನೆಲದ ಮೇಲೆ ಬಾಳುವ ಬಹಳ ದೊಡ್ಡ ಆಮೆಗಳು'. ಸ್ಯಾಡಲ್‌ಬ್ಯಾಕಿಗೆ ಜೀನುಬೆನ್ನಿನ ಆಮೆ, ಇನ್ನೊಂದಕ್ಕೆ ಗುಮ್ಮಟಬೆನ್ನಿನ ಆಮೆ. ಸಣ್ಣವಕ್ಕೆ ನೆಲಾಮೆ, ನೀರಾಮೆ. ಇವೆರಡು ಧಾರವಾಡದ ಸರ್ ಕೊಟ್ಟವು. ಬಿಲ್ಲೆ ಹುಡುಕಿದೆವು, ಅಣ್ಣ ಭೂತಗನ್ನಡಿ ಹಿಡಿದು ಕೂತಿದ್ದ. ಲಂಡನ್ ಫೋಟೊದಲ್ಲಿ ಬಿಲ್ಲೆ ಇಲ್ಲ, ಸಿಂಗಪುರದ್ದರಲ್ಲಿ ಸ್ಪಷ್ಟ ಇದೆ. ಒಂದು ಫೋಟೊದಲ್ಲಿ ಆಮೆ ಪೂರ್ತಿ ತಲೆ ಒಳಗೆ ಹಾಕಿಕೊಂಡಿದೆ, ನೆರಳು ಬಿದ್ದು ಅಂಚು ಕಾಣುವುದಿಲ್ಲ. ಅದನ್ನು ಬಿಟ್ಟೆವು. ಎಲ್ಲರಿಗೂ ಉಪಕಾರ ಆಯಿತು.

ಧಾರವಾಡದಿಂದ:

ಗುಮ್ಮಟವೂ ಪಾರ್ಸಿ. ಹಲ್ಲಣದ ಬಗ್ಗೆ ಬೇರೆ ಚರ್ಚೆ ತೆಗೆಯುತ್ತೇನೆ, ಹುಬ್ಬಳ್ಳಿಯವರು ಅಲ್ಲಿಗೆ ಬರಲಿ.