ಟ್ರೋಮ್ಸೋದಿಂದ ಲಾಂಗ್‌ಇಯರ್‌ಬ್ಯೇನ್‌ಗೆ ಫ್ಲೈಟಲ್ಲಿ ಎಷ್ಟು ದೂರ? ಹೋಗಿಬಂದವ್ರು ಹೇಳಿ

ಅಪ್ಪ ಅಮ್ಮನ್ನ ಕರ್ಕೊಂಡು ನಾರ್ವೆಗೆ ಹೋಗ್ತಿದೀವಿ. ಟ್ರೋಮ್ಸೋ ತನಕ ಹೋದ್ಮೇಲೆ ಸ್ವಾಲ್ಬಾರ್ಡ್‌ನೂ (ಲಾಂಗ್‌ಇಯರ್‌ಬ್ಯೇನ್ ಇರೋ ದ್ವೀಪಸಮೂಹ) ನೋಡ್ಬೇಕು ಅಂತ ಅಪ್ಪಂಗೆ ಆಸೆ, ಆದ್ರೆ ಮ್ಯಾಪಲ್ಲಿ ನೋಡಿದ್ರೆ ಅದು ಎಲ್ಲೋ ಭೂಮಿ ತುದೀಲಿದೆ. ಅಮ್ಮಂಗೆ ಮಂಡಿನೋವು, ತುಂಬಾ ಹೊತ್ತು ಕೂರೋಕಾಗಲ್ಲ. ನಿಜವಾಗ್ಲೂ ಎಷ್ಟು ದೂರ ಅದು?

—

ಮ್ಯಾಪ್ ನೋಡಿ ಹೆದರ್ಬೇಡಿ. ಸುಮಾರು 960 ಕಿಮೀ ಅಷ್ಟೆ, ಬೆಂಗಳೂರು-ಮುಂಬೈ ಫ್ಲೈಟಿಗಿಂತ ಸ್ವಲ್ಪ ಜಾಸ್ತಿ, ಒಂದೂವರೆ ಗಂಟೆ ಚಿಲ್ಲರೆ. ಚಪ್ಪಟೆ ಮ್ಯಾಪಲ್ಲಿ ಉತ್ತರಕ್ಕೆ ಹೋದಷ್ಟೂ ಎಲ್ಲಾ ಹಿಗ್ಗುತ್ತೆ, ಸಮಭಾಜಕದ ಹತ್ರ ಇರೋದಕ್ಕೆ ಹೋಲಿಸಿದ್ರೆ ಟ್ರೋಮ್ಸೋ ಹತ್ರ ಸುಮಾರು 3 ಪಟ್ಟು, ಲಾಂಗ್‌ಇಯರ್‌ಬ್ಯೇನ್ ಹತ್ರ 5 ಪಟ್ಟು ದೊಡ್ಡದಾಗಿ ಕಾಣುತ್ತೆ, ಅದಕ್ಕೇ ಅಷ್ಟು ದೂರ ಅನ್ಸೋದು. ನೀವೇ ಲೆಕ್ಕ ಹಾಕಿ ನೋಡಿ: ಒಂದು 69.7 ಡಿಗ್ರಿ ಅಕ್ಷಾಂಶದಲ್ಲಿದೆ, ಇನ್ನೊಂದು 78.2, ಮಧ್ಯೆ ಎಂಟೂವರೆ ಡಿಗ್ರಿ, ಡಿಗ್ರಿಗೆ 111 ಕಿಮೀ ಹಿಡಿದ್ರೆ 943 ಚಿಲ್ಲರೆ ಬರುತ್ತೆ, ದಾರಿ ಸ್ವಲ್ಪ ಪಶ್ಚಿಮಕ್ಕೆ ವಾಲೋದ್ರಿಂದ ಇನ್ನೊಂಚೂರು ಸೇರುತ್ತೆ. ಅಮ್ಮ ಆರಾಮಾಗಿ ಕೂತ್ಕೋಬಹುದು. ಆಸ್ಲೋದಿಂದ ನೇರ ಹೋಗೋದಾದ್ರೆ ಮಾತ್ರ 2000 ಕಿಮೀ, ಮೂರು ಗಂಟೆ ಆಗುತ್ತೆ, ನಿಮಗೆ ಟ್ರೋಮ್ಸೋನೇ ವಾಸಿ.

—

ದೂರಕ್ಕಿಂತ ವೀಸಾ ಕಡೆ ಗಮನ ಕೊಡಿ, ದಯವಿಟ್ಟು. ಸ್ವಾಲ್ಬಾರ್ಡ್ ನಾರ್ವೆದೇ ಆದ್ರೂ ಶೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪ್ ದೇಶಗಳ ಗುಂಪು) ಒಳಗೆ ಬರಲ್ಲ. 1920ರ ಒಪ್ಪಂದದ ಪ್ರಕಾರ ಅಲ್ಲಿಗೆ ಅಂತ ಬೇರೆ ವೀಸಾ ಬೇಡ, ಆದ್ರೆ ಟ್ರೋಮ್ಸೋದಲ್ಲಿ ಪಾಸ್‌ಪೋರ್ಟ್ ಚೆಕ್ ಮಾಡಿ ಕಳಿಸ್ತಾರೆ, ಅಲ್ಲಿಗೆ ನೀವು ಶೆಂಗೆನ್‌ನಿಂದ ಹೊರಗೆ ಹೋದಂಗೆ. ವಾಪಸ್ ಬರುವಾಗ ಮತ್ತೆ ಎಂಟ್ರಿ. ಅದಕ್ಕೆ ಅಪ್ಲೈ ಮಾಡುವಾಗ್ಲೇ ಡಬಲ್ ಇಲ್ಲ ಮಲ್ಟಿಪಲ್ ಎಂಟ್ರಿ ಕೇಳಿ, ಎಲ್ಲರ ಪಾಸ್‌ಪೋರ್ಟಲ್ಲೂ ಅದೇ ಬಂದಿದೆಯಾ ಅಂತ ನೋಡ್ಕೊಳ್ಳಿ.

—

ನಾನು ಕೆಲಸದ ಮೇಲೆ ಇನ್ನೂ ಮೇಲಕ್ಕೆ, ನೀ-ಓಲೆಸುಂಡ್‌ಗೆ ಹೋಗಿದ್ದೆ, ನಮ್ಮ ದೇಶದ ಹಿಮಾದ್ರಿ ಸಂಶೋಧನಾ ಕೇಂದ್ರ 2008ರಿಂದ ಇರೋದು ಅಲ್ಲೇ. ಲಾಂಗ್‌ಇಯರ್‌ಬ್ಯೇನ್‌ನಿಂದ ಅಲ್ಲಿಗೆ ಬರೀ 110 ಕಿಮೀ, ಆದ್ರೆ ರೋಡೇ ಇಲ್ಲ, ಚಿಕ್ಕ ವಿಮಾನ ಇಲ್ಲ ಹಡಗಲ್ಲೇ ಹೋಗ್ಬೇಕು, ವಿಮಾನ ಮುಖ್ಯವಾಗಿ ಅಲ್ಲಿ ಕೆಲಸ ಮಾಡೋರಿಗೆ. ಹಾಗಾಗಿ ಅಪ್ಪಂಗೆ ಆಸೆ ತೋರಿಸ್ಬೇಡಿ. ರೇಖಾಂಶದಲ್ಲಿ ಲಾಂಗ್‌ಇಯರ್‌ಬ್ಯೇನ್‌ಗೂ ನೀ-ಓಲೆಸುಂಡ್‌ಗೂ ಸುಮಾರು 3.7 ಡಿಗ್ರಿ ವ್ಯತ್ಯಾಸ, ನಮ್ಮ ಬೆಂಗಳೂರಿನ ಅಕ್ಷಾಂಶದಲ್ಲಿ ಅಷ್ಟಕ್ಕೇ 400 ಕಿಮೀ ಆಗೋದು, ಅಲ್ಲಿ 80ರ ಆಸುಪಾಸು. ಧ್ರುವದ ಹತ್ರ ರೇಖೆಗಳೆಲ್ಲ ಕೂಡ್ಕೊಂಡು ಬರೋದು ಪುಸ್ತಕದಲ್ಲಿ ಓದಿದ್ದಕ್ಕೂ ಮೇಲಿಂದ ನೋಡೋದಕ್ಕೂ ತುಂಬಾ ವ್ಯತ್ಯಾಸ ಇದೆ, ನಂಗಂತೂ ಮೈ ಜುಮ್ ಅಂತು.

ನಿಮ್ಮ ಫ್ಲೈಟ್ ವಿಷಯಕ್ಕೆ ಬಂದ್ರೆ, ಮಂಜು ಗಾಳಿ ಜಾಸ್ತಿಯಾದ್ರೆ ಲೇಟಾಗುತ್ತೆ, ಕ್ಯಾನ್ಸಲ್ಲೂ ಆಗುತ್ತೆ. ವಾಪಸ್ ಬಂದ ದಿನವೇ ಇಂಡಿಯಾ ಫ್ಲೈಟ್ ಹಿಡಿಯೋ ಪ್ಲಾನ್ ಬೇಡ, ಮಧ್ಯೆ ಒಂದು ರಾತ್ರಿ ಇಟ್ಕೊಳ್ಳಿ. ಲಾಂಗ್‌ಇಯರ್‌ಬ್ಯೇನ್‌ನಲ್ಲಿ ಅಕ್ಟೋಬರ್ ಕೊನೆಯಿಂದ ಫೆಬ್ರವರಿ ಮಧ್ಯದ ತನಕ ಸೂರ್ಯ ಹುಟ್ಟೋದೇ ಇಲ್ಲ, ಹಿರಿಯರನ್ನ ಕರ್ಕೊಂಡು ಹೋಗೋದಾದ್ರೆ ಬೇಸಿಗೇಲೇ ಹೋಗಿ.

—

ಒಂದೂವರೆ ಗಂಟೆ ಕೂರೋದೇನೂ ಕಷ್ಟ ಅಲ್ಲ, ಇಳಿಯೋದೇ ನೋಡ್ಕೋಬೇಕು. ಲಾಂಗ್‌ಇಯರ್‌ಬ್ಯೇನ್‌ನಲ್ಲಿ ಏರೋಬ್ರಿಡ್ಜ್ ಇಲ್ಲ, ಮೆಟ್ಲಿಳಿದು ಬಯಲಲ್ಲೇ ಟರ್ಮಿನಲ್ ತನಕ ನಡೀಬೇಕು, ಗಾಳಿ ಜೋರಾಗಿ ಹೊಡೀತಿರುತ್ತೆ. ನಮ್ಮತ್ತೆಗೂ ಮಂಡಿನೋವಿತ್ತು, ಟಿಕೆಟ್ ಮಾಡುವಾಗ್ಲೇ ವೀಲ್‌ಚೇರ್ ಬೇಕು, ಮೆಟ್ಲು ಹತ್ತೋಕಾಗಲ್ಲ ಅಂತ ಎರಡನ್ನೂ ಬರೆಸಿದ್ವಿ, ಚೆನ್ನಾಗೇ ಇಳಿಸಿಕೊಂಡ್ರು. ನೀವೂ ಹಾಗೇ ಮಾಡಿ.