ಬಿಪಿ ಮಾತ್ರೆ ಶುರು ಮಾಡುವ ಮುನ್ನ: ಭಾನುವಾರದ ಪ್ರಶ್ನೋತ್ತರ

ನಿರ್ವಾಹಕರು: ಎಲ್ಲರಿಗೂ ನಮಸ್ಕಾರ. ಈ ವಾರದ ವಿಷಯ ಅಮ್ಲೋಡಿಪಿನ್, ಸಿಲ್ನಿಡಿಪಿನ್, ನಿಫೆಡಿಪಿನ್, ಡಿಲ್ಟಿಯಾಜೆಮ್, ವೆರಪಾಮಿಲ್. ಇವನ್ನು ಒಟ್ಟಾಗಿ ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್ ಎನ್ನುತ್ತಾರೆ. ಉತ್ತರಿಸುವವರು ಆಸ್ಪತ್ರೆಯ ಔಷಧ ವಿಭಾಗದಲ್ಲಿ ಬಹುಕಾಲ ದುಡಿದ ಫಾರ್ಮಸಿಸ್ಟ್ ಮೇಡಂ. ಮೇಲಿನ ಉತ್ತರಗಳನ್ನು ಓದಿ ಆಮೇಲೆ ಕೇಳಿ. ದಯವಿಟ್ಟು ಫಾರ್ವರ್ಡ್ ಬೇಡ.

ತುಮಕೂರಿನ ಸದಸ್ಯೆ: ಮೇಡಂ, ಅಮ್ಮನಿಗೆ ನಿನ್ನೆ ಅಮ್ಲೋಡಿಪಿನ್ 5 ಬರೆದುಕೊಟ್ಟಿದ್ದಾರೆ. ಹೆಸರಿನಲ್ಲೇ ಕ್ಯಾಲ್ಸಿಯಂ ತಡೆಯುತ್ತದೆ ಎಂದಿದೆಯಲ್ಲ, ರಾಗಿ ಮುದ್ದೆ, ಹಾಲು ಬಿಡಿಸಬೇಕೆ? ಮೂಳೆ ಸವೆತಕ್ಕೆ ಕ್ಯಾಲ್ಸಿಯಂ ಮಾತ್ರೆಯೂ ನುಂಗುತ್ತಾರೆ.

ಫಾರ್ಮಸಿಸ್ಟ್: ಮುದ್ದೆ ಬಿಡಿಸಬೇಡಿ. ರಕ್ತನಾಳದ ಗೋಡೆಯ ಸ್ನಾಯುವಿಗೆ ಕ್ಯಾಲ್ಸಿಯಂ ನುಗ್ಗಿದರೆ ಅದು ಬಿಗಿಯುತ್ತದೆ. ಈ ಮಾತ್ರೆ ಆ ಬಾಗಿಲನ್ನು ಅರೆಮುಚ್ಚುತ್ತದೆ, ನಾಳ ಸಡಿಲವಾಗುತ್ತದೆ, ಅಷ್ಟೇ. ಊಟದ ಕ್ಯಾಲ್ಸಿಯಂ ತಂಟೆಗೆ ಹೋಗುವುದಿಲ್ಲ. ಅಮ್ಮನಿಗೆ ಲಿವರ್ ತೊಂದರೆ ಇದೆಯೇ, ಹೃದಯದ ಕವಾಟ ಕಿರಿದಾಗಿದೆ ಎಂದು ಯಾರಾದರೂ ಹೇಳಿದ್ದರೇ? ಇದ್ದರೆ ಮೊದಲ ಮಾತ್ರೆಗೆ ಮುಂಚೆ ವೈದ್ಯರಿಗೆ ತಿಳಿಸಿ. ಲಿವರ್ ಸೊರಗಿದವರಿಗೆ ಸಾಮಾನ್ಯವಾಗಿ 2.5ರಿಂದ ಶುರು ಮಾಡುತ್ತಾರೆ. ಪೂರ್ತಿ ಪರಿಣಾಮ ಕಾಣಲು ಒಂದು ವಾರವಾದರೂ ಬೇಕು. ಎರಡನೇ ದಿನ ಬಿಪಿ ನೋಡಿ ಇನ್ನೊಂದು ಮಾತ್ರೆ ಕೊಡುವ ಕೆಲಸ ಮಾಡಬೇಡಿ.

ಹಾಸನದ ಸದಸ್ಯ: ಅಮ್ಲೋಡಿಪಿನ್ 10 ಶುರುವಾಗಿ ಮೂರು ವಾರ. ಸಂಜೆಯಾದರೆ ಎರಡೂ ಪಾದ ಊದಿ ಚಪ್ಪಲಿ ಹಿಡಿಯುವುದಿಲ್ಲ. ಮೆಡಿಕಲ್ ಅಂಗಡಿಯವರು ಮೂತ್ರ ಹೋಗುವ ಮಾತ್ರೆ ಕೊಟ್ಟಿದ್ದಾರೆ.

ಫಾರ್ಮಸಿಸ್ಟ್: ಆ ಮಾತ್ರೆ ತೆಗೆದಿಡಿ. ನಿಮ್ಮ ಮೈಯಲ್ಲಿ ನೀರು ಹೆಚ್ಚಾಗಿಲ್ಲ. ಒಳಬರುವ ಸಣ್ಣ ನಾಳಗಳು ಅಗಲವಾಗಿವೆ, ಹೊರಹೋಗುವ ನಾಳಗಳು ಅಷ್ಟು ಅಗಲವಾಗಿಲ್ಲ. ನಡುವೆ ದ್ರವ ಜಿನುಗಿ ಪಾದಕ್ಕಿಳಿದಿದೆ. ಮೂತ್ರದ ಮಾತ್ರೆಯಿಂದ ಊತ ಹೋಗುವುದು ಕಡಿಮೆ, ಪೊಟ್ಯಾಸಿಯಂ ಇಳಿಯುವುದು, ಯೂರಿಕ್ ಆಮ್ಲ ಏರುವುದು ಹೆಚ್ಚು. ಮುಂದಿನ ತಿಂಗಳು ಆ ಆಮ್ಲ ತರುವ ಹೆಬ್ಬೆರಳ ನೋವಿಗೆ ಮೂರನೇ ಮಾತ್ರೆ ಬರುತ್ತದೆ. ವೈದ್ಯರು 10ನ್ನು 5ಕ್ಕೆ ಇಳಿಸಬಹುದು, ಟೆಲ್ಮಿಸಾರ್ಟನ್ ಎಂಬ ಬೇರೆ ಬಗೆಯ ಬಿಪಿ ಮಾತ್ರೆ ಜೊತೆಗೂಡಿಸಬಹುದು, ಸಿಲ್ನಿಡಿಪಿನ್‌ಗೆ ಬದಲಿಸಬಹುದು. ಒಂದೇ ಕಾಲು ಊದಿ ನೋಯುತ್ತಿದ್ದರೆ, ಮಲಗಿದಾಗ ಉಸಿರು ಕಟ್ಟಿದರೆ ಅದು ಬೇರೆ ಸಂಗತಿ, ಅಂದೇ ಆಸ್ಪತ್ರೆಗೆ ಹೋಗಬೇಕು.

ಮೈಸೂರಿನ ಸದಸ್ಯೆ: ಜನೌಷಧಿ ಮಳಿಗೆಯ ಅಮ್ಲೋಡಿಪಿನ್ ಅಷ್ಟೇ ಕೆಲಸ ಮಾಡುತ್ತದೆಯೇ?

ದುಬೈಯಿಂದ ಒಬ್ಬರು: ತಂದೆ ದಾವಣಗೆರೆಯಲ್ಲಿದ್ದಾರೆ, 74 ವರ್ಷ. ಐದು ವರ್ಷದಿಂದ ಮೆಟೊಪ್ರೊಲಾಲ್ 50 ತೆಗೆದುಕೊಳ್ಳುತ್ತಿದ್ದಾರೆ. ಹೋದ ವಾರ ಎದೆನೋವೆಂದು ಬೇರೆ ವೈದ್ಯರಲ್ಲಿಗೆ ಹೋದಾಗ ಡಿಲ್ಟಿಯಾಜೆಮ್ ಬರೆದರು. ಹಳೆಯ ಚೀಟಿ ಒಯ್ದಿರಲಿಲ್ಲ. ನಿನ್ನೆ ಬೆಳಿಗ್ಗೆ ಬಚ್ಚಲುಮನೆಯಲ್ಲಿ ತಲೆ ಸುತ್ತಿ ಗೋಡೆ ಹಿಡಿದರಂತೆ. ಬಿಪಿ 118/70, ಚೆನ್ನಾಗಿದೆ ಎನ್ನುತ್ತಾರೆ.

ಫಾರ್ಮಸಿಸ್ಟ್: ಯಂತ್ರದಲ್ಲಿ ಕೆಳಗೆ ಮೂರನೆಯ ಸಂಖ್ಯೆ ಇರುತ್ತದೆ, ನಾಡಿಬಡಿತದ್ದು. ಅದೆಷ್ಟು? ಈಗಲೇ ಫೋನ್ ಮಾಡಿ ಕೇಳಿ.

ದುಬೈಯಿಂದ ಒಬ್ಬರು: 44.

ಫಾರ್ಮಸಿಸ್ಟ್: ಇಂದೇ, ಈಗಲೇ, ಇಸಿಜಿ ಇರುವ ಆಸ್ಪತ್ರೆಗೆ ಹೊರಡಲಿ. ಒಬ್ಬರೇ ಸ್ಕೂಟರ್ ಓಡಿಸಿಕೊಂಡು ಹೋಗಬಾರದು. ಡಿಲ್ಟಿಯಾಜೆಮ್‌ನ ಮುಂದಿನ ಮಾತ್ರೆಯನ್ನು ವೈದ್ಯರು ನೋಡುವವರೆಗೆ ನುಂಗಬಾರದು. ಮೆಟೊಪ್ರೊಲಾಲ್ ಅನ್ನು ನೀವಾಗಿ ನಿಲ್ಲಿಸಬೇಡಿ, ಥಟ್ಟನೆ ಬಿಟ್ಟರೆ ಎದೆನೋವು ಕೆರಳಬಹುದು. ಅದರ ತೀರ್ಮಾನ ಅಲ್ಲಿಯೇ ಆಗಲಿ. ಮನೆಯಲ್ಲಿರುವ ಎಲ್ಲ ಮಾತ್ರೆ ಪಟ್ಟಿಗಳನ್ನು (ಸ್ಟ್ರಿಪ್), ಖಾಲಿಯಾದವನ್ನೂ ಸೇರಿಸಿ, ಒಂದು ಚೀಲಕ್ಕೆ ಹಾಕಿ ಒಯ್ಯಲಿ.

ಹೊರಟರೆಂದು ತಿಳಿದ ಮೇಲೆ ಉಳಿದದ್ದು ಓದಿ. ಈ ಗುಂಪಿನ ಮಾತ್ರೆಗಳಲ್ಲಿ ಎರಡು ಕುಲ. ಅಮ್ಲೋಡಿಪಿನ್ ಕಡೆಯವು ರಕ್ತನಾಳದ ಮೇಲೆ ಕೆಲಸ ಮಾಡುತ್ತವೆ. ಡಿಲ್ಟಿಯಾಜೆಮ್, ವೆರಪಾಮಿಲ್ ಹೃದಯದ ಬಡಿತವನ್ನೂ ನಿಧಾನಿಸುತ್ತವೆ. ಮೆಟೊಪ್ರೊಲಾಲ್, ಅಟೆನೊಲಾಲ್ ಕೂಡ ಬಡಿತವನ್ನು ಎಳೆದು ಹಿಡಿಯುತ್ತವೆ. ಎರಡು ಕಡೆಯಿಂದ ಲಗಾಮು ಜಗ್ಗಿದರೆ ಮೇಲಿನ ಕೋಣೆಯ ಸಂಕೇತ ಕೆಳಗಿನ ಕೋಣೆಗೆ ತಲುಪದೆ ನಿಲ್ಲಬಹುದು. ಹೃದ್ರೋಗ ತಜ್ಞರು ಬೇಕೆಂದೇ ಎರಡನ್ನೂ ಕೊಡುವುದುಂಟು, ಆದರೆ ಇಸಿಜಿ ನೋಡಿಕೊಂಡು ಕೊಡುತ್ತಾರೆ. ಹೃದಯ ದುರ್ಬಲವಾಗಿ ರಕ್ತ ನೂಕುವ ಶಕ್ತಿ ತಗ್ಗಿದವರಿಗೆ ಡಿಲ್ಟಿಯಾಜೆಮ್, ವೆರಪಾಮಿಲ್ ಬೇಡವೇ ಬೇಡ. ಇನ್ನೊಂದು ಕಣ್ತಪ್ಪು ಎಷ್ಟೋ ಸಲ ನೋಡಿದ್ದೇನೆ: ಅಮ್ಲೋಡಿಪಿನ್ ಪಟ್ಟಿಯ ಮೇಲೆ ಹೆಸರಿನ ಪಕ್ಕ ಸಣ್ಣದಾಗಿ ‘ಎಟಿ’ ಎಂದಿದ್ದರೆ ಒಳಗೆ ಅಟೆನೊಲಾಲ್ ಸೇರಿದೆ ಎಂದರ್ಥ. ಮನೆಯವರು ‘ಅದೇ ಅಮ್ಲೋ’ ಎಂದುಕೊಂಡಿರುತ್ತಾರೆ.

ಶಿರಸಿಯ ಸದಸ್ಯ: ಬಂದದ್ದನ್ನು ಹಾಗೆಯೇ ಹಾಕಿದ್ದೇನೆ. “ಬಿಪಿ 200 ದಾಟಿದರೆ ನಿಫೆಡಿಪಿನ್ ಕ್ಯಾಪ್ಸೂಲ್‌ಗೆ ಸೂಜಿ ಚುಚ್ಚಿ ನಾಲಿಗೆಯ ಕೆಳಗೆ ಹಿಂಡಿ. ಹತ್ತು ನಿಮಿಷದಲ್ಲಿ ಜೀವ ಉಳಿಯುತ್ತದೆ. ಎಲ್ಲರಿಗೂ ಹಂಚಿ.”

ಫಾರ್ಮಸಿಸ್ಟ್: ಯಾರಿಗೂ ಹಂಚಬೇಡಿ. ಇದನ್ನು ಒಂದು ಕಾಲದಲ್ಲಿ ಆಸ್ಪತ್ರೆಗಳಲ್ಲೇ ಮಾಡುತ್ತಿದ್ದರು. ಒತ್ತಡ ಧಡಕ್ಕನೆ ಕುಸಿದು ಪಾರ್ಶ್ವವಾಯು, ಹೃದಯಾಘಾತ ಆದದ್ದು ಕಂಡು ಕೈಬಿಟ್ಟರು, 1990ರ ದಶಕದಲ್ಲೇ. ನಿಧಾನವಾಗಿ ಬಿಡುಗಡೆಯಾಗುವ ನಿಫೆಡಿಪಿನ್ ಮಾತ್ರೆಯನ್ನು ಜಜ್ಜಿ ಕೊಡುವುದೂ ಅಷ್ಟೇ ಕೆಟ್ಟದ್ದು. ನಿರ್ವಾಹಕರೇ, ಮೊದಲ ಸಂದೇಶದಲ್ಲಿ ಏನು ಬರೆದಿದ್ದಿರಿ?

ಮಂಡ್ಯದ ಸದಸ್ಯ: ಇದಕ್ಕೇ ಹೇಳುವುದು, ಈ ಮಾತ್ರೆಗಳ ಸಹವಾಸವೇ ಬೇಡ. ನಾನು ಸರ್ಪಗಂಧದ ಪುಡಿ, ಎರಡು ಎಸಳು ಬೆಳ್ಳುಳ್ಳಿ. ಗಿಡಮೂಲಿಕೆಗೆ ಅಡ್ಡಪರಿಣಾಮವಿಲ್ಲ.

ಬೆಂಗಳೂರಿನ ನಿವೃತ್ತ ಶಿಕ್ಷಕರು: ಕಾಸರಕನ ಬೀಜವೂ ಗಿಡದ್ದೇ ಸ್ವಾಮಿ.

ಮಂಡ್ಯದ ಸದಸ್ಯ: ನನ್ನ ಅಜ್ಜ 92 ವರ್ಷ ಬದುಕಿದರು. ಒಂದು ಮಾತ್ರೆ ನುಂಗಲಿಲ್ಲ.

ನಿವೃತ್ತ ಶಿಕ್ಷಕರು: ಅವರು ದಿನಾ ಗದ್ದೆಗೆ ನಡೆದಿದ್ದರು. ನೀವು ಹಾಲಿಗೂ ಕಾರಿನಲ್ಲಿ ಹೋಗುತ್ತೀರಿ.

ಮಂಡ್ಯದ ಸದಸ್ಯ: ನನ್ನ ಕಾರಿನ ವಿಷಯ ನಿಮಗೇಕೆ?

ಫಾರ್ಮಸಿಸ್ಟ್: ಸರ್ಪಗಂಧದಲ್ಲಿ ರಿಸರ್ಪಿನ್ ಇದೆ. ಅದೂ ಬಿಪಿ ಔಷಧವೇ, ಖಿನ್ನತೆ ತರಬಲ್ಲದು. ಅಮ್ಲೋಡಿಪಿನ್ ಜೊತೆ ಗುಟ್ಟಾಗಿ ನುಂಗಿದರೆ ಎರಡು ಔಷಧ ಒಟ್ಟಿಗೆ ನುಂಗಿದಂತೆ. ಕಾರು, ಅಜ್ಜ ನನ್ನ ವಿಷಯವಲ್ಲ.

ದೇವನಹಳ್ಳಿಯ ಸದಸ್ಯ: ಚಕ್ಕೋತ ತಿನ್ನಬಾರದೆಂದು ಯಾರೋ ಹೇಳಿದರು. ನಮ್ಮ ಹಿತ್ತಲಲ್ಲಿ ಎರಡು ಮರ ಇವೆ.

ಫಾರ್ಮಸಿಸ್ಟ್: ಒಳ್ಳೆಯ ಪ್ರಶ್ನೆ. ಎಚ್ಚರಿಕೆ ಮೂಲತಃ ಗ್ರೇಪ್‌ಫ್ರೂಟ್ ಬಗ್ಗೆ. ಅದರಲ್ಲಿರುವ ಅಂಶ ಕರುಳಿನಲ್ಲಿ ಔಷಧವನ್ನು ಒಡೆಯುವ ಕಿಣ್ವವನ್ನು ತಡೆದು ರಕ್ತಕ್ಕೆ ಹೆಚ್ಚು ಔಷಧ ಬಿಡುತ್ತದೆ. ಚಕ್ಕೋತ ಅದರ ಹತ್ತಿರದ ನೆಂಟ, ಅದರಲ್ಲೂ ಆ ಬಗೆಯ ಅಂಶವಿದೆ. ನಿಫೆಡಿಪಿನ್, ಫೆಲೋಡಿಪಿನ್, ವೆರಪಾಮಿಲ್ ನುಂಗುವವರು ದೂರವಿಡುವುದು ಲೇಸು. ಅಮ್ಲೋಡಿಪಿನ್‌ಗೆ ಇದರ ಕಾಟ ಕಡಿಮೆ. ಇದೇ ಕಿಣ್ವವನ್ನು ಕ್ಲಾರಿಥ್ರೋಮೈಸಿನ್ ಎಂಬ ಆಂಟಿಬಯಾಟಿಕ್ ಬಲವಾಗಿ ತಡೆಯುತ್ತದೆ. ಕೆಮ್ಮಿಗೆ ಹೋದಾಗಲೂ ಬಿಪಿ ಮಾತ್ರೆಯ ಹೆಸರು ಹೇಳಿ. ನೀವು ಯಾವುದು ನುಂಗುತ್ತಿದ್ದೀರಿ?

ಕೋಲಾರದ ಸದಸ್ಯೆ: ಅಮ್ಲೋಡಿಪಿನ್‌ನಿಂದ ಪಾದ ಊದಿದೆ, ಏನು ಮಾಡಲಿ?

ಫಾರ್ಮಸಿಸ್ಟ್: ಮೇಲೆ ಹಾಸನದವರಿಗೆ ಬರೆದಿದ್ದೇನೆ.

ಉಡುಪಿಯ ಸದಸ್ಯ: ಕಾಲು ಊತಕ್ಕೆ ಬಾರ್ಲಿ ನೀರು ಕುಡಿಯಬಹುದೇ?

ಫಾರ್ಮಸಿಸ್ಟ್: ಮೇಲೆ.

ಮೈಸೂರಿನ ಸದಸ್ಯೆ: ಜನೌಷಧಿಯ ಪ್ರಶ್ನೆ ಕೇಳಿದ್ದೆ.

ಮಂಡ್ಯದ ಸದಸ್ಯ: ದುಡ್ಡಿನ ಪ್ರಶ್ನೆಗೆ ಉತ್ತರ ಬರುವುದಿಲ್ಲ ಬಿಡಿ, ಕಂಪನಿಗಳ ಕೈ ಉದ್ದ.

ನಿವೃತ್ತ ಶಿಕ್ಷಕರು: ಬೆಳ್ಳುಳ್ಳಿ ವ್ಯಾಪಾರಿಗಳ ಕೈ ಗಿಡ್ಡವೇ?

ಫಾರ್ಮಸಿಸ್ಟ್: ದಾವಣಗೆರೆಯಿಂದ ಏನಾದರೂ ಸುದ್ದಿ?

ದುಬೈಯಿಂದ ಒಬ್ಬರು: ಈಗ ತಂಗಿ ಫೋನ್ ಮಾಡಿದಳು. ಇಸಿಜಿಯಲ್ಲಿ ತಡೆ ಇದೆಯಂತೆ. ಡಿಲ್ಟಿಯಾಜೆಮ್ ನಿಲ್ಲಿಸಿ ದಾಖಲು ಮಾಡಿಕೊಂಡಿದ್ದಾರೆ.

ಫಾರ್ಮಸಿಸ್ಟ್: ಸರಿ. ಬಿಡುಗಡೆಯಾಗುವ ದಿನ ಮನೆಯಲ್ಲಿ ಉಳಿದ ಡಿಲ್ಟಿಯಾಜೆಮ್ ಪಟ್ಟಿಯನ್ನು ತಂಗಿ ತೆಗೆದುಬಿಡಲಿ. ಮಕ್ಕಳಿರುವ ಮನೆಯಾದರೆ ಇನ್ನೂ ಬೇಗ. ಪುಟ್ಟ ಮಗುವಿಗೆ ಇದರ ಒಂದೇ ಮಾತ್ರೆಯೂ ಅಪಾಯ.

ನಿರ್ವಾಹಕರು: ಬೆಳ್ಳುಳ್ಳಿ, ಅಜ್ಜ ಮತ್ತು ಕಾರಿನ ಕುರಿತ ಹದಿನಾಲ್ಕು ಪ್ರತಿಕ್ರಿಯೆಗಳನ್ನು ಅಳಿಸಲಾಗಿದೆ. ಪ್ರಶ್ನೆಗಳನ್ನು ಮುಚ್ಚುತ್ತಿದ್ದೇವೆ.

ದೇವನಹಳ್ಳಿಯ ಸದಸ್ಯ: ನನ್ನ ಉತ್ತರವೂ ಅದರೊಂದಿಗೆ ಅಳಿಸಿಹೋಯಿತು. ನಾನು ನುಂಗುವುದು ವೆರಪಾಮಿಲ್.