ಅಪ್‌ಡೇಟ್: ಮನೆಮಂದಿಗೆಲ್ಲ ಆಗುವ ದೋಣಿ ಕೊನೆಗೂ ಬಂತು

ಕುಂದಾಪುರದ ಪಂಚಗಂಗಾವಳಿ ಹಿನ್ನೀರಲ್ಲಿ ಗಾಳ ಹಾಕೋಕೆ, ಮಕ್ಕಳನ್ನು ಸುತ್ತಾಡಿಸೋಕೆ ಯಾವ ದೋಣಿ ಒಳ್ಳೆಯದು ಅಂತ ಕೇಳಿದ್ದೆ ಅಲ್ವಾ? ಅಗಲ ತಳದ ಫೈಬರ್ ದೋಣಿ ತಗೊಂಡೆವು. "ಮೊದಲು ಕೂತು ನೋಡಿ" ಅಂದವರಿಗೆ ದೊಡ್ಡ ಥ್ಯಾಂಕ್ಸ್. ವಿ ಆಕಾರದ ತಳದ್ದು ಅಲೆ ಸೀಳಿಕೊಂಡು ಚೆನ್ನಾಗಿ ಓಡಿತು. ಆದರೆ ನಿಲ್ಲಿಸಿ ಗಾಳ ಹಾಕುವಾಗ ಒಬ್ಬರು ಎದ್ದರೂ ವಾಲುತ್ತಿತ್ತು. ಅಗಲ ತಳದ್ದರಲ್ಲಿ ಅಮ್ಮ ಆರಾಮಾಗಿ ಕೂತು ಕಾಣೆ ಮೀನು ಹಿಡಿದರು!

ಮರದ ದೋಣಿಯ ಸಲಹೆ ನಮಗೆ ಹೊಂದಲಿಲ್ಲ. ನೋಡೋಕೆ ಚೆಂದ, ಆದರೆ ಆರೈಕೆ ಜಾಸ್ತಿ.

ಗೊತ್ತಿಲ್ಲದೇ ಇದ್ದ ವಿಷಯ ಒಂದಿತ್ತು. ಔಟ್‌ಬೋರ್ಡ್ ಮೋಟಾರ್ (ದೋಣಿಯ ಹಿಂಬದಿಗೆ ಸಿಕ್ಕಿಸುವ ಎಂಜಿನ್) ಅಂದರೆ ಬರೀ ಎಚ್‌ಪಿ, ಅಂದರೆ ಎಂಜಿನ್ನಿನ ಶಕ್ತಿ ಅಲ್ಲ, ಶಾಫ್ಟ್ ಉದ್ದವೂ (ನೀರೊಳಗಿನ ಫ್ಯಾನ್‌ವರೆಗೆ ಇಳಿಯುವ ಭಾಗದ ಉದ್ದ) ನೋಡಬೇಕು. ಸಣ್ಣ ಮೋಟಾರುಗಳಲ್ಲಿ ಸಾಮಾನ್ಯವಾಗಿ 15 ಇಂಚು, 20 ಇಂಚು ಎರಡೂ ಬರುತ್ತವೆ. ದೋಣಿಯ ಹಿಂಬದಿ ಹಲಗೆಯ ಎತ್ತರ ಅಳೆದೇ ಆರಿಸಿ. ಗಿಡ್ಡ ಆದರೆ ಫ್ಯಾನ್ ಗಾಳಿ ಎಳೆಯುತ್ತದೆ. ಉದ್ದ ಆದರೆ ಇಳಿತದ ಹೊತ್ತಲ್ಲಿ ಕೆಸರಿಗೆ ತಾಗುತ್ತದೆ. ಉಪ್ಪುನೀರಲ್ಲಿ ಓಡಿಸಿ ಬಂದ ಮೇಲೆ ಮೋಟಾರಿಗೆ ಸಿಹಿನೀರು ಹಾಯಿಸಲೇಬೇಕು, ಇಲ್ಲದಿದ್ದರೆ ಒಳಗೆ ಉಪ್ಪು ಕಟ್ಟುತ್ತದೆ.

ಮಕ್ಕಳ ಲೈಫ್ ಜಾಕೆಟ್ ವಯಸ್ಸಲ್ಲ, ತೂಕ ನೋಡಿ ತಗೊಳ್ಳಿ. ಕಾಲ ಮಧ್ಯೆ ಹಾಕುವ ಪಟ್ಟಿ ಇರಲಿ. ಅದಿಲ್ಲದ್ದನ್ನು ಮಗಳಿಗೆ ಹಾಕಿ ಭುಜದಲ್ಲಿ ಎತ್ತಿ ನೋಡಿದೆವು, ಸೀದಾ ಕಿವಿವರೆಗೆ ಬಂತು.

ಅಳಿವೆ (ಹೊಳೆ ಕಡಲು ಸೇರುವ ಬಾಯಿ) ದಾಟಿ ಕಡಲಿಗೆ ಹೋಗುವವರು ನಮ್ಮ ಆಯ್ಕೆ ನೋಡಿ ತಗೊಳ್ಳಬೇಡಿ. ಅಲ್ಲಿಗೆ ವಿ ತಳವೇ ಸರಿ.